ಡಿಯೊಲಿಂಡಾಳ ಗ್ಯಾರೇಜು

ಬರ್ಸೆಲೂಶಿನಲ್ಲಿ ಕಾರಿಲ್ಲದ ಗ್ಯಾರೇಜು:
ಈ ಗೋಡೆಗೆ ತಿಗರಿ, ಆ ಗೋಡೆಗೆ ನೂಲಿನುಂಡೆ,
ನಡುವೆ ಬಕೆಟ್ಟು, ಸೋಪು.
ನೂಲಿಗೆ ಮಡಿ ಜಾಸ್ತಿ.
ಉಗುರ ಸಂದಿಯಲ್ಲಿ ಕೆಮ್ಮಣ್ಣು ಉಳಿದಿದ್ದರೆ
ಬಿಳಿ ಕುಣಿಕೆ ಚಾಡಿ ಹೇಳಿಬಿಡುತ್ತದೆ.

ರಾತ್ರಿ ಕರೆಂಟು ಅಗ್ಗ.
ಆವಿಗೆಯ ಬಿಸಿಗೆ ಬೆನ್ನು ಕೊಟ್ಟು
ಕ್ರೋಶಾ ಹೆಣೆಯುತ್ತಾಳೆ ಡಿಯೊಲಿಂಡಾ;
ಒಳಗೆಲ್ಲೋ ಟಣ್ ಎಂದರೆ ಎಣಿಕೆ ತಪ್ಪುತ್ತದೆ,
ಮೂರು ಸಾಲು ಬಿಚ್ಚುತ್ತಾಳೆ.
ಒಡೆದದ್ದು ಯಾವುದೋ, ನಾಡಿದ್ದು ಗೊತ್ತಾದೀತು.

“ಲೋಟಕ್ಕೆ ಹದಿನೆಂಟು ಯೂರೋನಾ?
ಅಂಗಡಿಯಲ್ಲಿ ಮೂರಕ್ಕೆ ಸಿಗುತ್ತೆ,” ಅಂದ ಒಬ್ಬ.
ಅವಳು ವಾದಿಸಲಿಲ್ಲ, ಕೈಗಿಟ್ಟಳು.
ಅವಳ ಹೆಬ್ಬೆರಳು ಒತ್ತಿದ್ದ ಗುಳಿಯಲ್ಲಿ
ಅವನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು.

“ಹದಿನೈದು?”
“ಇಲ್ಲ.”

ಕಟ್ಟಿಕೊಡಲು ಹಳೇ ಪೇಪರು ಮುಗಿದಿತ್ತು.
ರಾತ್ರಿ ಬಿಚ್ಚಿದ ನೂಲನ್ನೇ ಸುಕ್ಕುಸುಕ್ಕಾಗಿ
ಲೋಟದೊಳಗೆ ತುರುಕಿದಳು:
“ಇದನ್ನು ವಾಪಸ್ ತಂದುಕೊಡಿ.”