ಬಣ್ಣ ಮುಗಿಯುವ ಜಾಗ

ಕೌಲ್ ಬಜಾರಿನ ಹುಸೇನಪ್ಪ ಮಾಮ
ಟ್ಯಾಬ್ಲೆಟ್ಟಿನ ಮೇಲೆ ‘ಬಳ್ಳಾರಿ’ ಬರೆದು
ಮುಖ ಸಿಂಡರಿಸಿದ.
‘ಇದರಾಗೆ ಬಣ್ಣ ಮುಗಿಯೋದೇ ಇಲ್ಲಲ್ಲವ್ವಾ.’

ಲಾರಿಯ ಹಲಗೆ ಮೇಲೆ ಹಾಗಲ್ಲ.
ಒಂದು ಅದ್ದಿಗೆ ಒಂದು ‘ಳ್ಳಾ’.
ಸುತ್ತಿ ಬಂದು ಬಾಲ ಮುಟ್ಟುವಷ್ಟರಲ್ಲಿ
ಕುಂಚ ಒಣಗಿ, ಕೂದಲು ಕವಲೊಡೆದು
ಅಕ್ಷರ ತಾನಾಗೇ ತೆಳುವಾಗುತ್ತಿತ್ತು.
ಅದನ್ನೇ ಜನ ಅವನ ಶೈಲಿ ಅಂದರು.

ಇಲ್ಲಿ ನಡುಗುವ ಬೆರಳನ್ನೂ ತಂತ್ರಾಂಶ ತಿದ್ದುತ್ತದೆ:
ಗೆರೆ ಸಪಾಟು, ಹೊಸ ಡಾಂಬರು.
‘ನನ್ನ ಕೈ ನನಗೆ ಕೊಡು’ ಅಂದ.
ಸ್ಥಿರತೆಯನ್ನು ಸೊನ್ನೆಗೆ ಇಳಿಸಿದೆ.

ಆಮೇಲೆ ಅವನ ಅಂಗಡಿ ಬಾಗಿಲ ಫೋಟೋ ತೆಗೆದೆ,
ಮೂವತ್ತು ವರ್ಷ ಕುಂಚ ಒರೆಸಿದ ಬಾಗಿಲು,
ಹಸಿ ಬಣ್ಣಕ್ಕೆ ಅದಿರಿನ ದೂಳು ಕೂತು
ಓತಿಕ್ಯಾತನ ಬೆನ್ನಿನಂತೆ ತರಿತರಿ.
ಅದನ್ನೇ ಹೊಸ ಬ್ರಶ್ಶಿನ ಒಡಲಲ್ಲಿಟ್ಟು
ಗೆರೆ ಉದ್ದವಾದಂತೆ ಬಣ್ಣ ತೀರಬೇಕೆಂದು
ಅದಕ್ಕೆ ಕಲಿಸಿದೆ.

ಮತ್ತೆ ಬರೆದ. ‘ಳ್ಳಾ’ದ ಬಾಲದಲ್ಲಿ
ಬಿಳಿ ಇಣುಕಿತು.
‘ದೂಳು ಒಂಚೂರು ಜಾಸ್ತಿ ಆತು’ ಅಂದ,
ಮತ್ತೇನೂ ಅನ್ನಲಿಲ್ಲ.

ಚಹಾಕ್ಕೆಂದು ಎದ್ದವನು
ಆ ಪ್ಲಾಸ್ಟಿಕ್ ಪೆನ್ನಿನ ತುದಿಯನ್ನು
ಬಾಗಿಲಿಗೆ ಎರಡು ಸಲ ಒರೆಸಿ
ಕಿವಿಗೆ ಸಿಕ್ಕಿಸಿಕೊಂಡ.