ಕೊನೆಯ ಬೆಂಚಿನ ನೀರು

ಪುಸ್ತಕ ಈ ಸಲವೂ ತಡ.
ತೆಲುಗಿನದು ಜೂನಿಗೇ ಬಂತು, ಕನ್ನಡದ್ದು ದಸರೆಗೆ ಬಂದೀತು.
ಅಲ್ಲಿಯ ತನಕ ತೆಲುಗಿನಲ್ಲಿ ಓದಿ, ನಾಲಿಗೆಯ ಮೇಲೇ ತಿರುವಿಹಾಕಿ
ಹೇಳುತ್ತೇನೆ ಒಂಬತ್ತನೇ ಪಾಠ:
ಕಾಲುವೆಗಳಿಂದ ಈ ಸೀಮೆ ಹಸಿರಾಯಿತು.
ಉದ್ಯಮಿಗಳಿಂದ ಊರು ಬೆಳೆಯಿತು.
ಎರಡೇ ಸಾಲು, ನಡುವೆ ಒಂದು ಚುಕ್ಕೆ.
ಆ ಚುಕ್ಕೆಯೊಳಗೆ ಒತ್ತಿಕೊಂಡು ಕೂತಿದ್ದಾರೆ
ನನ್ನ ಮೂವತ್ತೊಂದು ಮಕ್ಕಳು.

ಹೊರಗೆ ಬನ್ನಿ, ಅಂದೆ.
ಬೇವಿನ ಬುಡದ ಎರೆಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಕೊರೆದೆ.
ಇದು ತುಂಗಭದ್ರೆಯ ಅಣೆಕಟ್ಟು — ಬಿಸಿಯೂಟದ ಬಕೇಟು.
ಇದು ಕಾಲುವೆ, ಇವು ತೂಬು,
ಕಟ್ಟಕಡೆಗೆ ಈ ಹುಣಸೆ ಬೀಜ ನಮ್ಮೂರು.
ಬೆಂಚಿನ ಕ್ರಮದಲ್ಲೇ ಕುಕ್ಕರಗಾಲಲ್ಲಿ ಕೂತರು ದಂಡೆಯುದ್ದಕ್ಕೂ.
ಬಕೇಟು ಬಾಗಿಸಿದೆ.

ಮೊದಲ ತೂಬಿನ ಖಾಜಾಹುಸೇನಿಯ ಹೊಲ ಕೆರೆಯಾಯಿತು.
ಎರಡನೆಯ ಸುಂಕಮ್ಮ ನನ್ನ ಕಣ್ಣು ತಪ್ಪಿಸಿ
ಹೆಬ್ಬೆರಳಿನಿಂದ ತೂಬು ಅಗಲಿಸಿಕೊಂಡಳು;
ಯಾರೂ ಹೇಳಿಕೊಟ್ಟಿರಲಿಲ್ಲ ಅದನ್ನು.
ಎರೆಮಣ್ಣು ತನ್ನ ಪಾಲು ತಾನು ಕುಡಿಯಿತು.
ಹುಣಸೆ ಬೀಜದ ತನಕ ಬಂದದ್ದು
ಹಸಿಮಣ್ಣಿನ ವಾಸನೆ.
"ಮೇಡಂ, ಬಕೇಟಿನಾಗ ನೀರು ತುಂಬಾ ಇದ್ದವಲ್ರೀ?"
ಕೊನೆಯ ಬೆಂಚಿನ ಉರುಕುಂದಪ್ಪ.
ಇದ್ದವಪ್ಪ. ಬರಕೋ.

ಅಷ್ಟರಲ್ಲಿ ರಸ್ತೆಯಾಚೆ ಹತ್ತಿ ಗಿರಣಿ ಕೂಗಿತು;
ನಮ್ಮ ಊಟದ ಬೆಲ್ಲೂ ಅದೇ.
ಅನ್ನದ ತಟ್ಟೆ ಹಿಡಿದು, ಸೇಠರ ಕತೆ ಹೇಳ್ರಿ ಅಂದರು.
ಹೇಳಿದೆ: ಮಾಂಗೀಲಾಲ್ ಸೇಠರು ಬಂದಾಗ ಕೈಯಲ್ಲಿ
ಒಂದು ತಕ್ಕಡಿ, ಜೊತೆಗೊಂದು ಬಾಡಿಗೆ ಗಾಡಿ.
ಕಾಲುವೆ ಬರುತ್ತದೆಂಬ ಸುದ್ದಿ
ನೀರಿಗಿಂತ ನಾಲ್ಕು ವರ್ಷ ಮುಂಚೆ ಅವರ ಕಿವಿಗೆ ಹರಿದಿತ್ತು.
ದಂಡೆಯ ನೆಲ ಕೊಂಡರು, ದಾರಿಯ ನೆಲ ಕೊಂಡರು,
ಹತ್ತಿ ಇನ್ನೂ ಹೂವಿನಲ್ಲಿರುವಾಗ ಅದನ್ನೂ ಕೊಂಡರು.
ಈ ಕೋಣೆ ಅವರು ಕಟ್ಟಿಸಿದ್ದು, ಗೋಡೆಯ ಕಲ್ಲು ಓದಿ.
ನಾನು ಆದೋನಿ ಕಾಲೇಜು ಓದಿದ್ದೂ
ಅವರ ಟ್ರಸ್ಟಿನ ತಿಂಗಳ ನೂರಿಪ್ಪತ್ತು ರೂಪಾಯಿಯಲ್ಲಿ.

ನಮ್ಮವ್ವ ತನ್ನ ಎಡಗೈ ಕಿರುಬೆರಳನ್ನು
ಆ ಗಿರಣಿಯ ರೋಲರಿಗೆ ಬಿಟ್ಟು ಬಂದದ್ದು ಹೇಳಲಿಲ್ಲ.
ಹೇಳಲಿಲ್ಲ ಅಂದುಕೊಂಡಿದ್ದೆ.
ಉಣ್ಣುವುದು ಬಿಟ್ಟು ಸುಂಕಮ್ಮ ಕೇಳಿದಳು:
"ನಿಮ್ಮ ಬೆರಳು ಯಾಕ್ರೀ ಹಂಗ ಹಿಡಕೊಂಡೀರಿ?"

ಮರುದಿನ ಮಾರೆಕ್ಕ ತಂದಳು, ಲಂಗದ ಚುಂಗಿನಲ್ಲಿ ಕಟ್ಟಿ,
ಒಂದು ತಗಡಿನ ಬಿಲ್ಲೆ. ನಡುವೆ ತೂತು, ಅಂಚಿಗೆಲ್ಲ ತುಕ್ಕು.
ಮುತ್ತಜ್ಜಿಯದಂತೆ. ಕಾಲುವೆ ಅಗೆಯುವಾಗ
ಹತ್ತು ಬುಟ್ಟಿ ಮಣ್ಣಿಗೆ ಒಂದು ಬಿಲ್ಲೆ,
ಸಂಜೆ ಮೇಸ್ತ್ರಿಗೆ ಒಪ್ಪಿಸಿದರೆ ಕೂಲಿ.
ಇದೊಂದು ಹೇಗೆ ಉಳಿಯಿತೇ?
"ಅವತ್ತ ಹೆರಿಗಿ ಆತಂತ್ರೀ, ದಂಡಿ ಮ್ಯಾಲೇ. ನಮ್ಮಜ್ಜ ಹುಟ್ಟಿದ.
ಮೇಸ್ತ್ರಿ ತಾವ ಹೋಗಾಕ ಆಗಲಿಲ್ಲಂತ."

ಬಿಲ್ಲೆಯನ್ನು ಕೊನೆಯ ಬೆಂಚಿನಿಂದ ಹಂಚಿದೆ.
ಒಬ್ಬ ಕಚ್ಚಿ ನೋಡಿದ. ಒಬ್ಬಳು ತೂತಿನೊಳಗಿಂದ
ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು.
ಖಾಜಾಹುಸೇನಿಗೆ ತಲುಪುವಾಗ ಪೀರಿಯಡ್ ಮುಗಿದಿತ್ತು;
ಅವನು ಬಹಳ ಸಿಟ್ಟಾದ.
"ಈಗ ಒಯ್ದು ಕೊಟ್ರ ದುಡ್ಡು ಕೊಡ್ತಾರೇನ್ರೀ?"
ಯಾರಿಗೆ ಒಯ್ದು ಕೊಡುವುದು?
ಅದಕ್ಕೆ ಪುಸ್ತಕ ಬಂದ ಮೇಲೂ ಉತ್ತರ ಸಿಗಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆ. ನಾಲ್ಕನೇ ಪ್ರಶ್ನೆ:
ಕಾಲುವೆ ಮತ್ತು ಉದ್ಯಮದ ಉಪಯೋಗಗಳನ್ನು ತಿಳಿಸಿ. ಐದು ಅಂಕ.
ಉರುಕುಂದಪ್ಪ ಬರೆದಿದ್ದ:
'ಕಾಲುವೆ ಒಳ್ಳೆಯದು. ನಮ್ಮೂರಿಗೆ ಕಾಲುವೆ ಬಂದಿದೆ.
ನೀರು ಬರುವುದಿದೆ.
ಸೇಠರೂ ಒಳ್ಳೆಯವರು. ನಮ್ಮ ಕೋಣೆಗೆ ಕಿಟಕಿ ಇಟ್ಟಿದ್ದಾರೆ,
ಅದರಿಂದ ಗಿರಣಿ ಕಾಣುತ್ತದೆ.
ಮಾರೆಕ್ಕನ ಮನೆಗೆ ಹತ್ತು ಬುಟ್ಟಿ ಬಕಿ.'

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ನಾಲ್ಕು ಹಾಕಿದೆ. ಕಾಗುಣಿತಕ್ಕೆ ಒಂದು ಕಳೆದೆ.
ಬಾಕಿ ಅಷ್ಟು ಗಿಡ್ಡ ಅಲ್ಲ, ಮಗೂ,
ಎಂದು ಪಕ್ಕದಲ್ಲಿ ಬರೆದು
ಅದಕ್ಕೊಂದು ದೀರ್ಘ ಎಳೆದೆ.