ತಾನೇ ಉಸುರು ತಗೋತದ

ಸುಪರ್ ಮಾರ್ಕೆಟ್ಟಿನ ಹಿಂದಿನ ಓಣಿ.
ಮೋಯಿಜ್ ಭಾಯಿ ಮೂರು ಸುರುಳಿ ಬಿಚ್ಚಿ
ಶಹಾಬಾದಿ ಫರಸಿ ಮ್ಯಾಲ ಹಾಸಿದ.
ಮೂಲ್ಯಾಗಿನ ಮುಚ್ಚಳ ತಿರುವಿ
‘ಊದೂದು ಬ್ಯಾಡ ಮೇಡಂ, ಹತ್ತು ನಿಮಿಷ ಬಿಡ್ರಿ,
ತಾನೇ ಉಸುರು ತಗೋತದ’ ಅಂದ.

ಚಹಾ ಬಂತು. ಇಬ್ಬರೂ ಸುಮ್ಮ ಕುಂತು
ಹಾಸಿಗಿ ಉಬ್ಬೂದು ನೋಡಿದಿವಿ,
ಐಸಿಯು ಹೊರಗ ಕುಂತವರಂಗ.

ಒಂದು ಇಂಚಿಂದು ಹಗುರ. ಅಂಗಾತ ಮಲಗಿದರ ಛಲೋ.
ನಾ ಅಂಗಾತ ಮಲಗಾಕಿ ಅಲ್ಲ.
ಮಗ್ಗಲಾದೆ. ಟೊಂಕದ ಎಲುಬು
ಸ್ಪಂಜು ದಾಟಿ ಫರಸಿ ಮುಟ್ಟಿತು.
‘ಗುರ್ತು ಹತ್ತಿತೇನು?’ ಅಂತು ಕಲ್ಲು.

ಹತ್ತದೇನು!
ಬ್ಯಾಸಗಿ ರಾತ್ರಿ ಇಂಥದೇ ಕಲ್ಲಿಗೆ ನೀರು ಹೊಡದು
ಗಲ್ಲ ಒತ್ತಿ ಮಲಗಿದಾಕಿ ನಾ.
ಆಗ ಮೈಯಾಗ ಎಲುಬು ಇದ್ದದ್ದೇ ಗೊತ್ತಿರಲಿಲ್ಲ.

ಎರಡು ಇಂಚಿಂದು ಮಾತಾಡತಿತ್ತು,
ಮಗ್ಗಲ ಬದಲಿಸಿದಾಗೊಮ್ಮೆ ಚರಚರ.
ಚಿಂಚೋಳಿ ಅಡವ್ಯಾಗ ಗೂಗಿ ಎಣಸಲಾಕ ಹೋಗಾಕಿಗೆ
ಈ ಸಪ್ಪಳ ಹ್ಯಾಂಗ ನಡದೀತು?

ಮೂರು ಇಂಚಿಂದರ ಮ್ಯಾಲ ಮಲಗಿದಾಗ
ಯಾರೋ ಗಿರಾಕಿ ಬಂದು
ಟಾರ್ಚಿನ ಸೆಲ್ ಕೇಳಿದ್ದು ಕೇಳಿಸಿತು.
ಆಮ್ಯಾಲಿಂದು ಕೇಳಿಸಲಿಲ್ಲ.

ಎಚ್ಚರಾದಾಗ ಶಟರು ಅರ್ಧ ಇಳದಿತ್ತು.
ಮೋಯಿಜ್ ಭಾಯಿ ನಮಾಜಿಗೆ ಹೋಗಿದ್ದ,
ಗಲ್ಲಾ ಹಂಗೇ ಬಿಟ್ಟು, ಫ್ಯಾನು ನನ್ನ ಕಡೆ ತಿರುಗಿಸಿ.
ಮೊಣಕಾಲೂರಿ ಸುತ್ತಿದೆ.
ನನ್ನ ನಿದ್ದಿ ಸುಸ್ಸ್ ಅಂತ ಹೊರಗ ಹೋಯಿತು.

ತೂಕ ಒಂದು ಕಿಲೋ ಒಂಬತ್ತನೂರು.
ಟೊಂಕಕ್ಕ ಒಪ್ಪಿಗಿ ಅದ.
ಹೊರೂ ಬೆನ್ನಿಗೆ
ಇನ್ನೂ ಹೇಳಿಲ್ಲ.